ಬೆಳ್ಳಿಯ ಬಟ್ಟಲು ಮತ್ತು ಪರದೇಶದ ವಸಿಯ್ಯತ್

ಪ್ರವಾದಿ ಮುಹಮ್ಮದ್(ಸ)ರ ಕಾಲದ ಮಾತು. ಬನೂ ಸಹ್ಮ್ ಗೋತ್ರದ ಒಬ್ಬ ಮುಸ್ಲಿಮ್ ವ್ಯಾಪಾರಿ ಸರಕು ಕಟ್ಟಿಕೊಂಡು ಪರನಾಡಿಗೆ ಹೊರಟಿದ್ದರು. ಜೊತೆಗೆ ತಮೀಮ್ ದಾರಿ ಮತ್ತು ಅದೀ ಬಿನ್ ಬದ್ದಾ ಎಂಬಿಬ್ಬರಿದ್ದರು. ಆಗ ಇಬ್ಬರೂ ಕ್ರೈಸ್ತರು. ತಮೀಮ್ ಮುಂದೆ ಇಸ್ಲಾಮ್ ಸ್ವೀಕರಿಸಿ ಸಹಾಬಿಯಾದರು. ಮುಸ್ಲಿಮರು ಯಾರೂ ಇಲ್ಲದ ಊರಿನಲ್ಲಿ ಆ ವ್ಯಾಪಾರಿ ಕಾಯಿಲೆ ಬಿದ್ದು ತೀರಿಕೊಂಡರು. ಅವರ ಸಾಮಾನನ್ನು ಜೊತೆಗಾರರು ಮನೆಯವರಿಗೆ ತಂದೊಪ್ಪಿಸಿದರು. ಆದರೆ ಚಿನ್ನದ ಕುಸುರಿಯಿದ್ದ ಒಂದು ಬೆಳ್ಳಿಯ ಬಟ್ಟಲು ಅದರಲ್ಲಿರಲಿಲ್ಲ.

ತಮಗೇನೂ ತಿಳಿಯದೆಂದು ಇಬ್ಬರೂ ಪ್ರಮಾಣ ಮಾಡಿದರು. ಮುಂದೆ ಅದೇ ಬಟ್ಟಲು ಮಕ್ಕಾದಲ್ಲಿ ಪತ್ತೆಯಾಯಿತು. ಅದನ್ನು ತಮೀಮ್ ಮತ್ತು ಅದೀಯಿಂದಲೇ ಕೊಂಡೆವೆಂದು ಇಟ್ಟುಕೊಂಡವರು ಹೇಳಿದರು. ಆಗ ಮೃತರ ಬಂಧುಗಳಲ್ಲಿ ಇಬ್ಬರು ಎದ್ದು ನಿಂತು, ಬಟ್ಟಲು ತಮ್ಮವರದೇ ಎಂದು ಆಣೆಯಿಟ್ಟರು. ಇಬ್ನು ಅಬ್ಬಾಸ್(ರ)ರಿಂದ ವರದಿಯಾದ ಈ ಪ್ರಸಂಗ ಸಹೀಹ್ ಬುಖಾರಿಯಲ್ಲಿದೆ. ಪವಿತ್ರ ಕುರ್‌ಆನಿನ ಅಲ್ ಮಾಇದಃ ಅಧ್ಯಾಯದ 106ರಿಂದ 108ರವರೆಗಿನ ಸೂಕ್ತಗಳ ಹಿನ್ನೆಲೆ ಇದೇ. ವಸಿಯ್ಯತ್‌ಗೆ ನ್ಯಾಯನಿಷ್ಠರಾದ ಇಬ್ಬರು ಸಾಕ್ಷಿಗಳಿರಬೇಕು; ಪ್ರಯಾಣದಲ್ಲಿ ಸಾವು ಎದುರಾದರೆ ಹೊರಗಿನ ಇಬ್ಬರಾದರೂ ಆಗಬಹುದು ಎಂಬುದು ಅಲ್ಲಿಯ ನಿರ್ದೇಶನ. ಹೊರಗಿನವರೆಂದರೆ ಅನ್ಯಧರ್ಮೀಯರೆಂದೇ ಅನೇಕ ವ್ಯಾಖ್ಯಾನಕಾರರು ಅರ್ಥೈಸಿದ್ದಾರೆ.

ತಫ್ಸೀರ್ ಗ್ರಂಥಗಳು ಇನ್ನೊಂದು ವಿವರ ಕೊಡುತ್ತವೆ. ಆ ವ್ಯಾಪಾರಿ ತನ್ನ ವಸ್ತುಗಳ ಪಟ್ಟಿಯೊಂದನ್ನು ಬರೆದು, ಜೊತೆಗಾರರಿಗೂ ಹೇಳದೆ ಸಾಮಾನಿನೊಳಗೆ ಇಟ್ಟಿದ್ದರಂತೆ. ಮನೆಯವರು ಗಂಟು ಬಿಚ್ಚಿದಾಗ ಆ ಚೀಟಿ ಸಿಕ್ಕಿತು; ಬಟ್ಟಲು ಕಾಣೆಯಾದದ್ದು ಅದರಿಂದಲೇ ತಿಳಿಯಿತು.

ವಸಿಯ್ಯತ್‌ನ ಇನ್ನೊಂದು ಮುಖ್ಯ ನಿಯಮವೂ ಮನೆಯಿಂದ ದೂರವಿದ್ದವರೊಬ್ಬರ ಹಾಸಿಗೆಯ ಬಳಿ ಹುಟ್ಟಿತು. ವಿದಾಯದ ಹಜ್ಜ್ ಸಂದರ್ಭದಲ್ಲಿ, ಕ್ರಿ.ಶ. 632ರಲ್ಲಿ, ಸಅದ್ ಬಿನ್ ಅಬೀ ವಕ್ಕಾಸ್(ರ) ಮಕ್ಕಾದಲ್ಲಿ ತೀವ್ರ ಅಸ್ವಸ್ಥರಾದರು. ಅವರು ಮಕ್ಕಾವನ್ನು ತೊರೆದು ಮದೀನಾಕ್ಕೆ ಹಿಜ್ರತ್ ಹೋದವರು. ಬಿಟ್ಟು ಹೋದ ಊರಿನಲ್ಲೇ ಸಾಯುವ ಅಳುಕು ಅವರಿಗಿತ್ತು. ಸಾಕಷ್ಟು ಸಂಪತ್ತಿತ್ತು, ಆಗ ಇದ್ದದ್ದು ಒಬ್ಬಳೇ ಮಗಳು. ಮೂರರಲ್ಲಿ ಎರಡು ಪಾಲನ್ನು ದಾನವಾಗಿ ಬರೆಯಲೇ ಎಂದು ಕೇಳಿದರು. ಪ್ರವಾದಿವರ್ಯರು(ಸ) ಬೇಡವೆಂದರು. ಅರ್ಧವೂ ಬೇಡವೆಂದರು. ಮೂರನೆಯ ಒಂದು ಪಾಲಿಗೆ ಒಪ್ಪಿ, ಅದೂ ಬಹಳವಾಯಿತೆಂದರು. ವಾರಸುದಾರರು ಪರರ ಮುಂದೆ ಕೈಚಾಚುವಂತೆ ಮಾಡುವುದಕ್ಕಿಂತ ಅನುಕೂಲಸ್ಥರಾಗಿ ಬಿಟ್ಟುಹೋಗುವುದು ಮೇಲೆಂದು ತಿಳಿಹೇಳಿದರು. ಸಅದ್(ರ) ಗುಣಮುಖರಾಗಿ ಬಹುಕಾಲ ಬದುಕಿದರು, ಕಾದಿಸಿಯ್ಯಃ ಯುದ್ಧದ ಸೇನಾನಿಯಾದರು. ಅವರ ಪ್ರಶ್ನೆಗೆ ಸಿಕ್ಕ ಉತ್ತರ ಇಂದಿಗೂ ಭಾರತದ ನ್ಯಾಯಾಲಯಗಳಲ್ಲಿ ಮುಸ್ಲಿಮರ ಉಯಿಲಿನ ಮಿತಿಯಾಗಿದೆ.

ನಮ್ಮ ಕರಾವಳಿಗೂ ಈ ಚರಿತ್ರೆಗೂ ನಂಟುಂಟು. 14ನೆಯ ಶತಮಾನದಲ್ಲಿ ಮಂಗಳೂರಿಗೆ ಬಂದ ಇಬ್ನು ಬತೂತಾ, ಫಾರ್ಸ್ ಮತ್ತು ಯಮನ್‌ನ ವರ್ತಕರು ಇಲ್ಲಿ ಇಳಿಯುವುದನ್ನು ಬರೆದಿದ್ದಾನೆ. ಅಂದು ಆ ಪರದೇಶಿಗಳ ಮನೆಮಠ ಕಡಲಿನಾಚೆ, ಸರಕು ನಮ್ಮ ಬಂದರಿನಲ್ಲಿ. ಅದೇ ಯಾತ್ರಿಕ ಮುಂದೆ ಆಫ್ರಿಕಾದ ಮಾಲಿಯಲ್ಲಿ ಕಂಡು ಮೆಚ್ಚಿದ ಒಂದು ಪದ್ಧತಿಯಿದೆ: ಪರದೇಶಿಯೊಬ್ಬ ಸತ್ತರೆ ಆ ನಾಡಿನವರು ಅವನ ಸಂಪತ್ತನ್ನು ಮುಟ್ಟುತ್ತಿರಲಿಲ್ಲ, ಹಕ್ಕುದಾರ ಬರುವವರೆಗೆ ವಿಶ್ವಾಸಿಯೊಬ್ಬನ ಬಳಿ ಅಮಾನತ್ತಾಗಿ ಇಡುತ್ತಿದ್ದರು. ಅವನು ಇದನ್ನು ವಿಶೇಷವಾಗಿ ಬರೆದಿಟ್ಟದ್ದು ಎಲ್ಲೆಡೆ ಹೀಗೆ ನಡೆಯುತ್ತಿರಲಿಲ್ಲವೆಂದೇ ಅಲ್ಲವೇ?

1970ರ ದಶಕದ ತೈಲಸಮೃದ್ಧಿಯ ನಂತರ ದಿಕ್ಕು ಬದಲಾಯಿತು. ಭಟ್ಕಳ, ಉಡುಪಿ, ಮಂಗಳೂರುಗಳ ಯುವಕರು ಗಲ್ಫ್‌ಗೆ ಹೋದರು. ದುಡಿಮೆ ಅಲ್ಲಿ, ಮನೆ ಜಮೀನು ಇಲ್ಲಿ. ದುಡಿದವನಿಗೆ ಊರಿಗೆ ಬಂದು ಹೋಗಲು ರಜೆ ಸಾಲದು. ಕಾಗದಪತ್ರ ಅಣ್ಣನ ಕೈಯಲ್ಲೋ ಭಾವನ ಕೈಯಲ್ಲೋ ಇರುತ್ತದೆ. ನಂಬಿಕೆ ಒಳ್ಳೆಯದೇ. ಆದರೆ ಯಾರ ಹಣದಿಂದ ಯಾರ ಹೆಸರಿಗೆ ಕೊಂಡದ್ದೆಂಬ ಬರಹವಿಲ್ಲದಿದ್ದರೆ, ಅವನು ಕಣ್ಮುಚ್ಚಿದ ಮೇಲೆ ಮಡದಿ ಏನನ್ನು ತೋರಿಸಿ ಹಕ್ಕು ಕೇಳಬೇಕು?

ಇಲ್ಲಿ ಕೆಲವು ತಪ್ಪು ತಿಳಿವಳಿಕೆಗಳನ್ನು ಬಿಡಬೇಕಾಗಿದೆ. ಪವರ್ ಆಫ್ ಅಟಾರ್ನಿ ವಸಿಯ್ಯತ್ ಅಲ್ಲ. ಕೊಟ್ಟವನು ಸತ್ತೊಡನೆ ಸಾಮಾನ್ಯವಾಗಿ ಅದರ ಬಲವೂ ಮುಗಿಯುತ್ತದೆ. ಬ್ಯಾಂಕಿನ ನಾಮಿನಿ ಹಣವನ್ನು ಪಡೆಯುವವನೇ ಹೊರತು ಒಡೆಯನಲ್ಲ, ಅದು ವಾರಸುದಾರರದು. ಮುಸ್ಲಿಮನ ಉಯಿಲು ಬಾಯಿಮಾತಿನದ್ದಾದರೂ ನಮ್ಮ ಕಾನೂನಿನಲ್ಲಿ ಸಿಂಧು, ಆದರೆ ಬಾಯಿಮಾತನ್ನು ರುಜುವಾತು ಮಾಡುವುದು ಕಷ್ಟ. 1908ರ ನೋಂದಣಿ ಕಾಯ್ದೆಯಂತೆ ಉಯಿಲಿನ ನೋಂದಣಿ ಕಡ್ಡಾಯವಲ್ಲ. ಮಾಡಿಸಿದರೆ ತಕರಾರು ಕಡಿಮೆ. ಇನ್ನು, ಜಮೀನು ಯಾವ ದೇಶದಲ್ಲಿದೆಯೋ ಆ ದೇಶದ ಕಾನೂನೇ ಅದಕ್ಕೆ ಅನ್ವಯ. ದುಬೈಯಲ್ಲಿ ಬರೆದ ಪತ್ರವೂ ಭಟ್ಕಳದ ಮನೆಯ ಮಟ್ಟಿಗೆ ಇಲ್ಲಿಯ ನ್ಯಾಯಾಲಯದಲ್ಲೇ ನಿಲ್ಲಬೇಕು.

ಶರೀಅತ್‌ನ ಕ್ರಮವಂತೂ ಸ್ಪಷ್ಟ. ಮೊದಲು ಅಂತ್ಯಸಂಸ್ಕಾರದ ವೆಚ್ಚ, ನಂತರ ಸಾಲ, ಬಳಿಕ ಉಳಿದದ್ದರ ಮೂರನೆಯ ಒಂದು ಪಾಲಿನೊಳಗೆ ವಸಿಯ್ಯತ್, ಕೊನೆಗೆ ವಾರಸುದಾರರ ಪಾಲು. ಸುನ್ನೀ ಮಝ್‌ಹಬ್‌ಗಳ ಪ್ರಕಾರ, ಇತರ ವಾರಸುದಾರರು ಒಪ್ಪದ ಹೊರತು ವಾರಸುದಾರನಿಗೇ ವಸಿಯ್ಯತ್ ಬರೆಯುವಂತಿಲ್ಲ. ಹಾಗಾಗಿ ಒಬ್ಬ ಮಗನಿಗೆ ಹೆಚ್ಚು ಕೊಡಲು, ಹೆಣ್ಣುಮಕ್ಕಳ ಪಾಲು ತಪ್ಪಿಸಲು ಇದು ಸಾಧನವಲ್ಲ. ಕೊಡದೆ ಉಳಿದ ಮಹರ್ ಸಾಲದ ಲೆಕ್ಕಕ್ಕೆ ಸೇರುತ್ತದೆ; ಮಡದಿಯ ಆ ಹಕ್ಕು ಎಲ್ಲರ ಪಾಲಿಗಿಂತ ಮುಂಚಿನದು. ಆದರೆ ಬಾಕಿ ಎಷ್ಟೆಂದು ಬರೆದಿಡುವವರು ಎಷ್ಟು ಮಂದಿ? ತಂದೆ ತೀರಿಕೊಂಡ ಮೊಮ್ಮಕ್ಕಳಿಗೆ ಅವರ ದೊಡ್ಡಪ್ಪ ಚಿಕ್ಕಪ್ಪಂದಿರಿರುವಾಗ ಅಜ್ಜನ ಆಸ್ತಿಯಲ್ಲಿ ವಾರಸು ಸಿಗುವುದಿಲ್ಲ. ಅವರಿಗೆ ಆಸರೆಯಾಗಬಲ್ಲದ್ದು ಈ ಮೂರನೆಯ ಒಂದು ಪಾಲು. ಈಜಿಪ್ಟ್ 1946ರಲ್ಲೇ ಇಂಥ ಮೊಮ್ಮಕ್ಕಳಿಗಾಗಿ ವಸಿಯ್ಯತನ್ನು ಕಡ್ಡಾಯ ಮಾಡಿ ಕಾನೂನು ತಂದಿತು. ನಮ್ಮಲ್ಲಿ ಅದು ಅಜ್ಜನ ಮನಸ್ಸಿಗೆ ಬಿಟ್ಟದ್ದು. ಅವರು ಬರೆಯದೆ ಹೋದರೆ ಅನಾಥರು ಬರಿಗೈಯವರಾಗುತ್ತಾರೆ.

ವಸಿಯ್ಯತ್ ಬರೆದರೆ ಸಾವನ್ನು ಕರೆದಂತೆ ಎಂದು ಹೆದರುವವರು ನಮ್ಮಲ್ಲಿದ್ದಾರೆ. ವಸಿಯ್ಯತ್ ಮಾಡಬೇಕಾದ ಸೊತ್ತುಳ್ಳ ಮುಸ್ಲಿಮನು ಅದನ್ನು ಬರೆದಿಡದೆ ಎರಡು ರಾತ್ರಿಯನ್ನೂ ಕಳೆಯಬಾರದೆಂಬ ಪ್ರವಾದಿವಚನವನ್ನು ವರದಿ ಮಾಡಿದವರು ಅಬ್ದುಲ್ಲಾ ಬಿನ್ ಉಮರ್(ರ). ಅದನ್ನು ಕೇಳಿದಂದಿನಿಂದ ತನ್ನ ವಸಿಯ್ಯತ್ ಬಳಿಯಲ್ಲಿಲ್ಲದೆ ಒಂದು ರಾತ್ರಿಯೂ ಕಳೆದಿಲ್ಲವೆಂದು ಅವರು ಹೇಳಿದ್ದಾರೆ. ಆ ಮಾತು ಹೇಳಿದ ಮೇಲೂ ಅವರು ವೃದ್ಧಾಪ್ಯದವರೆಗೆ ಬದುಕಿದರು. ತನ್ನವರ ನಡುವೆಯೇ ಮದೀನಾದಲ್ಲಿದ್ದವರಿಗೆ ಇಷ್ಟು ಎಚ್ಚರವಿತ್ತು. ಮನೆಯೊಂದು ಕಡೆ, ಮಲಗುವ ಕೋಣೆ ಕಡಲಿನಾಚೆ ಇರುವವರು ಆಸ್ತಿ, ಸಾಲ, ಮಹರ್‌ಗಳ ಪಟ್ಟಿಯನ್ನಾದರೂ ಬರೆದು, ಇಬ್ಬರ ಸಾಕ್ಷಿ ಹಾಕಿಸಿ, ಒಂದು ಪ್ರತಿಯನ್ನು ಮಡದಿಯ ಕೈಗೆ ಕೊಡಬೇಡವೇ?