ವಾಯರ್ ಅವರದು, ನೆಟ್ಟು ಇವರದು

ಹೋದ ಮಳೆಗಾಲದಲ್ಲಿ ಸುರಪುರದ ನಮ್ಮ ಮನೇಲಿ ಮೂರು ದಿನ ನೆಟ್ ಇರಲಿಲ್ಲ. ಕನೆಕ್ಷನ್ ಕೊಟ್ಟ ಹುಡುಗನಿಗೆ ಫೋನ್ ಮಾಡಿದರೆ, "ನಮ್ಮ ಕಡಿಂದ ಎಲ್ಲಾ ಸರಿ ಅದರಿ ಸರ. ಹಿಂದ ಎಲ್ಲೋ ಫೈಬರ್ ಕಟ್ ಆಗ್ಯದ. ಅದು ನಮ್ದಲ್ರಿ" ಅಂದ. ಮತ್ತೆ ಯಾರದೋ ಮಾರಾಯ ಅಂದರೆ, "ಅದು ನನಗೂ ಗೊತ್ತಿಲ್ರಿ" ಅಂತ ನಕ್ಕ!

ಆವತ್ತು ಸಿಟ್ಟು ಬಂದಿದ್ದು ನಿಜ. ಆಮೇಲೆ ಕೂತು ಯೋಚಿಸಿದಾಗ ಅವನ ಉತ್ತರದ ಹಿಂದೆ ದೊಡ್ಡ ಇತಿಹಾಸವೇ ಇದೆ ಅನ್ನಿಸಿತು. ವಾಯರ್ ಹಾಕುವವರು ಬೇರೆ, ಅದರ ಮೇಲೆ ನೆಟ್ ಮಾರುವವರು ಬೇರೆ ಆಗಬೇಕೇ, ಇಬ್ಬರೂ ಒಂದೇ ಇರಬೇಕೇ? ಲಂಡನ್ನಿನಿಂದ ದಿಲ್ಲಿವರೆಗೆ ಈ ಜಗಳ ನಡೆದಿದೆ. ಅದನ್ನೇ ಇವತ್ತು ಬರೆಯೋಣ ಅಂತ.

ಮೊದಲು ವಿಷಯ ಸರಳ ಮಾಡಿಕೊಳ್ಳೋಣ. ನಮ್ಮೂರಿಗೆ ರೈಲಿಲ್ಲ, ಯಾದಗಿರಿಯಲ್ಲಿ ಇಳಿದು ಬಸ್ಸು ಹತ್ತಬೇಕು. ರೈಲಿನಲ್ಲಿ ಹಳಿಯೂ ರೈಲ್ವೆಯದೇ, ಗಾಡಿಯೂ ರೈಲ್ವೆಯದೇ. ಬಸ್ಸು ಹಾಗಲ್ಲ. ರಸ್ತೆ ಮಾಡುವ ಇಲಾಖೆ ಬೇರೆ, ಬಸ್ಸು ಓಡಿಸುವ ನಿಗಮ ಬೇರೆ. ಅದೇ ರಸ್ತೆ ಮೇಲೆ ಟಂಟಂ, ಕ್ರೂಸರ್ ಕೂಡ ಓಡುತ್ತವೆ. ಹಾಗಾದರೆ ಫೋನಿನ ತಂತಿ ಹಳಿಯಂತೆ ಇರಬೇಕೋ, ರಸ್ತೆಯಂತೆ ಇರಬೇಕೋ? ಪ್ರಶ್ನೆ ಇಷ್ಟೇ.

ನಮ್ಮಲ್ಲಿ ಶುರುವಿನಿಂದ ಅದು ಹಳಿಯೇ. ಬ್ರಿಟಿಷರ 1885ರ ಟೆಲಿಗ್ರಾಫ್ ಕಾಯಿದೆ ತಂತಿಯ ಹಕ್ಕನ್ನು ಪೂರ್ತಿ ಸರ್ಕಾರದ ಕೈಗೆ ಕೊಟ್ಟಿತು. 1985ರವರೆಗೆ ಅಂಚೆ ಮತ್ತು ತಂತಿ ಒಂದೇ ಇಲಾಖೆ, ಆ ವರ್ಷ ಎರಡೂ ಪಾಲಾದವು. 1986ರಲ್ಲಿ ದಿಲ್ಲಿ, ಮುಂಬಯಿ ಫೋನು ಎಂಟಿಎನ್ನೆಲ್ ಕೈಗೆ ಹೋಯಿತು. ಅದೇ ವರ್ಷ ಸಿ-ಡಾಟ್ ಸಂಸ್ಥೆ ತಯಾರಿಸಿದ 128 ಲೈನಿನ ಹಳ್ಳಿ ಎಕ್ಸ್‌ಚೇಂಜ್ ನಮ್ಮ ಕರ್ನಾಟಕದ ಕಿತ್ತೂರಿನಲ್ಲೇ ಮೊದಲು ಕೆಲಸ ಶುರು ಮಾಡಿತು. ಎಸ್‌ಟಿಡಿ ಬೂತುಗಳ ಕಾಲ ಬಂದಿದ್ದು ಆಮೇಲೆ. ರಾತ್ರಿ ಹನ್ನೊಂದರ ಮೇಲೆ ಕಾಲು ರೇಟು ಅಂತ ಬೂತಿನ ಮುಂದೆ ಕಾಯುತ್ತಿದ್ದವರಿಗೆ ಇದೆಲ್ಲ ನೆನಪಿರುತ್ತೆ :)

2000ದ ಅಕ್ಟೋಬರ್ 1ಕ್ಕೆ ಬಿಎಸ್ಸೆನ್ನೆಲ್ ಹುಟ್ಟಿತು. ಇಲಾಖೆ ಹೋಗಿ ಕಂಪನಿ ಬಂತು ನಿಜ, ಆದರೆ ಹಳಿ ಮತ್ತು ಗಾಡಿ ಆಗಲೂ ಒಬ್ಬರದೇ.

ನಿಜವಾದ ತಿರುವು 2004. ಬ್ರಾಡ್‌ಬ್ಯಾಂಡ್ ಹೇಗೆ ತರುವುದು ಅಂತ ಟ್ರಾಯ್ ಆ ವರ್ಷ ಶಿಫಾರಸು ಕೊಟ್ಟಿತು. ಎಕ್ಸ್‌ಚೇಂಜಿನಿಂದ ಮನೆವರೆಗಿನ ತಾಮ್ರದ ತಂತಿಯನ್ನು ಬೇರೆ ಕಂಪನಿಗಳಿಗೂ ಬಾಡಿಗೆಗೆ ಬಿಡಿ ಅನ್ನುವುದು ಅದರಲ್ಲೊಂದು. ಆಗ ದೇಶದ ತಾಮ್ರದ ಲೈನುಗಳಲ್ಲಿ ಬಹುಪಾಲು ಬಿಎಸ್ಸೆನ್ನೆಲ್, ಎಂಟಿಎನ್ನೆಲ್‌ದೇ. ನಷ್ಟ ನುಂಗಿ ಹಳ್ಳಿಹಳ್ಳಿಗೆ ಕಂಬ ನೆಟ್ಟವರು ನಾವು, ಈಗ ಲಾಭದ ಊರುಗಳ ಲೈನು ಮಾತ್ರ ಬೇರೆಯವರು ಆರಿಸಿಕೊಂಡು ಹೋದರೆ ನಮ್ಮ ಗತಿ ಏನು? ಇದು ಸರ್ಕಾರಿ ಕಂಪನಿಗಳ ಕಡೆಯ ವಾದ. ಸುಳ್ಳೇನಲ್ಲ. ಅದೇ ಅಕ್ಟೋಬರಿನಲ್ಲಿ ಬಂದ ಬ್ರಾಡ್‌ಬ್ಯಾಂಡ್ ನೀತಿ ಕಡ್ಡಾಯ ಮಾಡಲಿಲ್ಲ, ಬೇಕಾದವರು ಪರಸ್ಪರ ಒಪ್ಪಂದ ಮಾಡಿಕೊಳ್ಳಿ ಅಂದುಬಿಟ್ಟಿತು. ಆ ನೀತಿಯ ಪ್ರಕಾರ 256 ಕೆಬಿಪಿಎಸ್ ಇದ್ದರೆ ಸಾಕು, ಅದೇ ಬ್ರಾಡ್‌ಬ್ಯಾಂಡು!

ಅತ್ತ ಬ್ರಿಟನ್ನಿನಲ್ಲೂ ಇದೇ ಜಗಳ. ತಂತಿ ಬಿಟಿ ಕಂಪನಿಯದು, ಅದು ತನ್ನ ಗಿರಾಕಿಗಳಿಗೆ ಮೊದಲು, ನಮಗೆ ಆಮೇಲೆ ಅನ್ನುತ್ತೆ ಅಂತ ಎದುರಾಳಿ ಕಂಪನಿಗಳ ದೂರು. ಕೊನೆಗೆ 2006ರಲ್ಲಿ ಬಿಟಿ ತನ್ನೊಳಗೇ ಓಪನ್‌ರೀಚ್ ಅನ್ನುವ ವಿಭಾಗ ಮಾಡಿತು. ಅದು ಮನೆ ಗಿರಾಕಿಗೆ ನೇರ ಮಾರುವುದಿಲ್ಲ, ಎಲ್ಲ ಕಂಪನಿಗಳಿಗೂ ಒಂದೇ ಷರತ್ತಿನಲ್ಲಿ ಸಗಟಾಗಿ ತಂತಿ ಕೊಡಬೇಕು. ಅಷ್ಟಕ್ಕೂ ಅನುಮಾನ ಹೋಗಲಿಲ್ಲ. 2017ರಲ್ಲಿ ಅದನ್ನು ಪ್ರತ್ಯೇಕ ಅಂಗಸಂಸ್ಥೆ ಮಾಡಲು ಬಿಟಿ ಒಪ್ಪಿತು. ನ್ಯೂಜಿಲೆಂಡ್ ಇನ್ನೂ ಮುಂದೆ ಹೋಯಿತು. 2011ರಲ್ಲಿ ಟೆಲಿಕಾಂ ಕಂಪನಿ ಎರಡಾಗಿ, ತಂತಿಯೆಲ್ಲ ಕೋರಸ್ ಅನ್ನುವ ಬೇರೆಯೇ ಕಂಪನಿಯ ಪಾಲಾಯಿತು.

ಪಾಲು ಮಾಡುವುದು ನಮಗೇನು ಹೊಸದಾ? ಕೆಇಬಿ ಹೋಗಿ 1999ರಲ್ಲಿ ಕೆಪಿಟಿಸಿಎಲ್ ಬಂತು, 2002ರ ಜೂನಿನಲ್ಲಿ ಅದರಿಂದ ನಮ್ಮ ಭಾಗಕ್ಕೆ ಜೆಸ್ಕಾಂ ಬೇರೆಯಾಯಿತು. ದೊಡ್ಡ ಟವರಿನ ಲೈನು ಕೆಪಿಟಿಸಿಎಲ್‌ದು, ಓಣಿಯ ಕಂಬ, ಮನೆಯ ಮೀಟರು, ಬಿಲ್ಲು ಜೆಸ್ಕಾಂದು. ಇಲ್ಲಿ ಒಂದು ಸೂಕ್ಷ್ಮ ಗಮನಿಸಿ. ಕತ್ತರಿ ಹಾಕಿದ್ದು ಮೇಲೆ, ಮನೆಗೆ ಹತ್ತಿರದ ತಂತಿ ಮತ್ತು ಬಿಲ್ಲು ಒಬ್ಬರ ಹತ್ತಿರವೇ ಉಳಿದವು. ಹಾಗಾಗಿ ಕರೆಂಟು ಹೋದರೆ ಬೈಯಲಿಕ್ಕಾದರೂ ಒಬ್ಬ ಲೈನ್‌ಮನ್ ಸಿಗುತ್ತಾನೆ :)

ಈಗ ನಮ್ಮ ಹಳ್ಳಿಗಳ ಫೈಬರಿಗೆ ಬರೋಣ. 2011ರ ಅಕ್ಟೋಬರಿನಲ್ಲಿ ಕೇಂದ್ರ ಸಂಪುಟ ಸುಮಾರು ಎರಡೂವರೆ ಲಕ್ಷ ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಎಳೆಯುವ ಯೋಜನೆ ಒಪ್ಪಿತು. ಅಂದಾಜು 20,000 ಕೋಟಿ ರೂಪಾಯಿ. ಅದಕ್ಕಾಗಿ 2012ರಲ್ಲಿ ಭಾರತ್ ಬ್ರಾಡ್‌ಬ್ಯಾಂಡ್ ನೆಟ್‌ವರ್ಕ್ ಲಿಮಿಟೆಡ್, ಅಂದರೆ ಬಿಬಿಎನ್ನೆಲ್ ಹುಟ್ಟಿತು. ಬ್ರಿಟನ್ ಮೂವತ್ತು ಮಾತಾಡಿ ಒಡೆದದ್ದನ್ನು ನಾವು ಹುಟ್ಟುವಾಗಲೇ ಬೇರೆ ಮಾಡಿದೆವು. ಇದು ಬರೀ ಸಗಟು ಕಂಪನಿ. ಪಂಚಾಯಿತಿವರೆಗೆ 100 ಎಂಬಿಪಿಎಸ್ ತರುತ್ತೆ, ಯಾವ ಕಂಪನಿ ಬೇಕಾದರೂ ಭೇದವಿಲ್ಲದೆ ಬಾಡಿಗೆ ಪಡೆದು ಮನೆಗೆ ಕೊಡಲಿ ಅನ್ನುವುದು ಲೆಕ್ಕ. 2015ರಿಂದ ಈ ಯೋಜನೆಗೆ ಭಾರತ್‌ನೆಟ್ ಅಂತ ಹೆಸರು. 2017ರ ಕೊನೆಗೆ ಒಂದು ಲಕ್ಷ ಪಂಚಾಯಿತಿ ದಾಟಿತು.

ಕಾಗದದ ಮೇಲೆ ಬಹಳ ಚಂದ. ಆದರೆ ಕತ್ತರಿ ಬಿದ್ದದ್ದು ಎರಡು ಕಡೆ. ಹಣ ಉಳಿಸಲು ತಾಲ್ಲೂಕಿನಿಂದ ಹೊರಡುವ ದಾರಿಯಲ್ಲಿ ಬಿಎಸ್ಸೆನ್ನೆಲ್‌ನ ಹಳೇ ಫೈಬರನ್ನೇ ಬಳಸಿಕೊಂಡರು, ಅದು ಮುಗಿದಲ್ಲಿಂದ ಪಂಚಾಯಿತಿವರೆಗೆ ಬಿಬಿಎನ್ನೆಲ್‌ನ ಹೊಸ ಫೈಬರು. ಜೆಸಿಬಿ ನೆಲ ಅಗೆಯುವಾಗ ಯಾವುದು ಯಾರದು ಅಂತ ನೋಡಿ ಅಗೆಯುತ್ತದೆಯೇ? ಇನ್ನೊಂದು ಕತ್ತರಿ ಬಿದ್ದದ್ದು ಪಂಚಾಯಿತಿಯ ಗೋಡೆಗೆ. ಅಲ್ಲಿಂದ ಮನೆಗೆ ಎಳೆಯುವವರು ತಾವಾಗಿ ಬರುತ್ತಾರೆ ಅಂದುಕೊಂಡರು. ನಾಲ್ಕು ಕಂಪನಿ ಪೈಪೋಟಿ ಮಾಡುವ ಲಂಡನ್ನಿಗೆ ಆ ಲೆಕ್ಕ ಸರಿ. ಬರುವವರೇ ಇಲ್ಲದ ಊರಿಗೆ? ಎಷ್ಟೋ ಕಡೆ ಪೆಟ್ಟಿಗೆ ಬಂತು, ಬಳಕೆ ಬರಲಿಲ್ಲ. ಸಂಸದೀಯ ಸಮಿತಿಯೂ ಈ ಮಾತು ಎತ್ತಿದೆ.

ಅಷ್ಟರಲ್ಲಿ ಒಡೆಯುವ ಗಾಳಿ ಎಲ್ಲ ಕಡೆ ಬೀಸಿತ್ತು. 2017ರಲ್ಲಿ ಬಿಎಸ್ಸೆನ್ನೆಲ್‌ನ ಸುಮಾರು 66,000 ಟವರುಗಳಿಗೆ ಬೇರೆ ಅಂಗಸಂಸ್ಥೆ ಮಾಡಲು ಸಂಪುಟ ಒಪ್ಪಿತು. ಇದು ಖಾಸಗೀಕರಣದ ಮೊದಲ ಹೆಜ್ಜೆ ಅಂತ ನೌಕರರು ಆ ಡಿಸೆಂಬರಿನಲ್ಲಿ ಎರಡು ದಿನ ಮುಷ್ಕರ ಮಾಡಿದರು. 2019ರಲ್ಲಿ ಜಿಯೋ ತನ್ನ ಫೈಬರ್ ಮತ್ತು ಟವರುಗಳನ್ನು ಬೇರೆ ಬೇರೆ ಕಂಪನಿಗಳಿಗೆ ಬಿಟ್ಟುಕೊಟ್ಟಿತು. ಅಲ್ಲಿ ಮುಖ್ಯ ಕಾರಣ ಸಾಲದ ಭಾರ ಇಳಿಸಿ ಹೂಡಿಕೆದಾರರನ್ನು ತರುವುದು. ಹೆಸರು ಒಂದೇ "ಬೇರ್ಪಡಿಸುವುದು", ಉದ್ದೇಶ ಮಾತ್ರ ಒಂದೊಂದು ಕಡೆ ಒಂದೊಂದು ನೋಡಿ.

ಕೊನೆಗೆ 2022ರ ಜುಲೈನಲ್ಲಿ ಸರ್ಕಾರ ಬಿಬಿಎನ್ನೆಲ್ ಅನ್ನು ಬಿಎಸ್ಸೆನ್ನೆಲ್ ಜೊತೆಗೇ ವಿಲೀನ ಮಾಡಲು ತೀರ್ಮಾನಿಸಿತು. ಹತ್ತು ವರ್ಷಕ್ಕೆ ಪಾಲಾದ ಮನೆ ಮತ್ತೆ ಒಂದಾಯಿತು! 2023ರ ಆಗಸ್ಟಿನಲ್ಲಿ ಸುಮಾರು 1.39 ಲಕ್ಷ ಕೋಟಿಯ ತಿದ್ದುಪಡಿ ಯೋಜನೆ ಬಂತು. ಈ ಸಲ ಫೈಬರನ್ನು ಉಂಗುರದಂತೆ ಸುತ್ತಿಸಿ ಎಳೆಯಬೇಕು, ಒಂದು ಕಡೆ ಕಟ್ ಆದರೆ ಇನ್ನೊಂದು ಕಡೆಯಿಂದ ನಡೆಯಬೇಕು. ಮನೆಗೆ ಸಂಪರ್ಕ ಕೊಡುವ ಸ್ಥಳೀಯ ಹುಡುಗರಿಗೆ ವರಮಾನದಲ್ಲಿ ಪಾಲು. ಪಂಚಾಯಿತಿಯ ಗೋಡೆ ದಾಟುವ ಲೆಕ್ಕ ಕೊನೆಗೂ ಯೋಜನೆಯೊಳಗೆ ಬಂತು.

ಒಡೆಯುವುದು ಒಳ್ಳೆಯದೋ ಕೆಟ್ಟದ್ದೋ ಅಂತ ಕೇಳಿದರೆ ನನ್ನ ಉತ್ತರ, ಒಡೆದಿದ್ದರಲ್ಲಿ ತಪ್ಪಿಲ್ಲ. ಕತ್ತರಿ ಎಲ್ಲಿ ಬೀಳುತ್ತೆ, ಅಲ್ಲಿ ಜವಾಬ್ದಾರಿ ಯಾರು ಹಿಡಿದುಕೊಳ್ಳುತ್ತಾರೆ ಅನ್ನುವುದೇ ಮುಖ್ಯ. ಅಣ್ಣತಮ್ಮಂದಿರು ಹೊಲ ಪಾಲು ಮಾಡಿಕೊಳ್ಳುವಾಗ ಬಾವಿಗೆ ಯಾರು ಯಾವ ದಿನ ಅಂತ ಮೊದಲೇ ಬರೆದಿಡುತ್ತಾರೆ. ಬರೆಯದಿದ್ದರೆ ನೀರಿದ್ದೂ ಬೆಳೆ ಒಣಗುತ್ತದೆ.

ಇವತ್ತು ಪಹಣಿ ತೆಗೆಯಲು ನೆಟ್ ಬೇಕು, ರೇಷನ್ನಿಗೆ ಹೆಬ್ಬೆಟ್ಟು ಒತ್ತಲು ನೆಟ್ ಬೇಕು, ಮಕ್ಕಳ ಪರೀಕ್ಷೆಯ ಫಾರ್ಮಿಗೂ ನೆಟ್ ಬೇಕು. ರೇಷನ್ ಅಂಗಡಿ ಮುಂದೆ ಕೂಲಿ ಬಿಟ್ಟು ನಿಂತ ಅಜ್ಜಿಗೆ ವಾಯರ್ ಯಾರದು ಅಂತ ಗೊತ್ತಿರಬೇಕಿಲ್ಲ. ಅವಳು ಕೇಳಿದಾಗ "ಅದು ನಮ್ದರಿ ಅವ್ವಾ, ನಾವ್ ಮಾಡಿಸ್ತೀವಿ" ಅನ್ನುವ ಒಬ್ಬರು ಬೇಕು, ಅಷ್ಟೇ.

ಅಂದಹಾಗೆ, ನಮ್ಮ ಮನೆ ನೆಟ್ ನಾಲ್ಕನೇ ದಿನ ಬಂತು. ಯಾರು ರಿಪೇರಿ ಮಾಡಿದರು ಅಂತ ಆ ಹುಡುಗನಿಗೂ ಗೊತ್ತಾಗಲಿಲ್ಲ :)