ಕೈಯಾಗ ರೊಕ್ಕ ಇದ್ರೂ ಸಿಗದ ಚಾ



ಹಂಪಿ ನೋಡಲು ಬರುವ ಜನ ಹೆಚ್ಚಾದಂಗೆ ಗಂಗಾವತಿ ತಾಲೂಕಿನ ಹೊಳಿದಂಡ್ಯಾಗ ರೆಸಾರ್ಟ್‌ಗಳು ಎದ್ದವು. ವಿರೂಪಾಪುರ ಗಡ್ಡಿಯವನ್ನು ಸುಪ್ರೀಂ ಕೋರ್ಟ್ ತೀರ್ಪಿನಂತೆ 2020ರ ಮಾರ್ಚ್‌ನಲ್ಲಿ ಕೆಡವಿದರು. ಆದರೂ ಸಾಣಾಪುರ, ಆನೆಗೊಂದಿ ಕಡೆ ವ್ಯಾಪಾರ ನಿಂತಿಲ್ಲ. ಗಿರಾಕಿ ಇದ್ದಲ್ಲಿ ಅಂಗಡಿ ಹುಟ್ಟತೈತಿ, ಇದು ಮಾರುಕಟ್ಟೆ ನಿಯಮ ಅಂತಾರೆ.

ಹಂಗಾದ್ರೆ ಅದೇ ಗಂಗಾವತಿ ಸೀಮೆಯ ಮರಕುಂಬಿಯ ಲೆಕ್ಕ ಹೇಳ್ರಿ. ಅಲ್ಲಿ ಗಿರಾಕಿ ಇದ್ದರು, ಕೈಯಾಗ ರೊಕ್ಕ ಇತ್ತು, ಹೋಟೆಲ್ಲೂ ಇತ್ತು. ದಲಿತರಿಗೆ ಮಾತ್ರ ಒಳಗೆ ಜಾಗ ಇರಲಿಲ್ಲ. ಕ್ಷೌರದಂಗಡಿಯೂ ಹಂಗೇ. ಅದರ ವಿರುದ್ಧ ನಮ್ಮವರು ದನಿ ಎತ್ತಿದರು. 2014ರ ಆಗಸ್ಟ್‌ನಲ್ಲಿ ಕೇರಿಗೆ ನುಗ್ಗಿ ಹೊಡೆದರು, ಗುಡಿಸಲು ಸುಟ್ಟರು. ಹತ್ತು ವರ್ಷ ಕಾದ ಮೇಲೆ, 2024ರ ಅಕ್ಟೋಬರ್‌ನಲ್ಲಿ ಕೊಪ್ಪಳದ ಸೆಷನ್ಸ್ ಕೋರ್ಟ್ 98 ಮಂದಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಮುಂದಿನ ತಿಂಗಳೇ ಬಹುತೇಕರಿಗೆ ಹೈಕೋರ್ಟ್ ಜಾಮೀನು ಸಿಕ್ಕಿತು.

ಜಾತಿ ನೋಡಿ ಹೋಟೆಲ್ಲಿನಿಂದ ಯಾರನ್ನೂ ತಡೆಯುವಂಗಿಲ್ಲ ಅಂತ ಬಾಬಾಸಾಹೇಬರ ಸಂವಿಧಾನದ 15ನೇ ವಿಧಿ 1950ರಿಂದಲೇ ಹೇಳತೈತಿ. 1955ರ ಕಾಯ್ದೆ ಪ್ರಕಾರ ಅದು ಶಿಕ್ಷೆಯಾಗುವ ಅಪರಾಧ. ಮಾರುಕಟ್ಟೆ ಜಾತಿ ಅಳಿಸತೈತಿ ಅನ್ನೋರಿಗೆ ನನ್ನದೊಂದೇ ಪ್ರಶ್ನೆ: ಬಂದ ರೊಕ್ಕ ಬ್ಯಾಡ ಅಂದವನು ಯಾವ ಲಾಭ ನೋಡಿದ?

ಕುಷ್ಟಗಿ, ಯಲಬುರ್ಗಾದ ಗೆಳೆಯರೇ, ನಿಮ್ಮೂರ ಹೋಟೆಲ್ಲಿನಾಗ ಒಳಗೇ ಕುಂತು ಚಾ ಕುಡೀರಿ. ತಡೆದರೆ ಸುಮ್ಮನೆ ವಾಪಸ್ ಬರಬ್ಯಾಡ್ರಿ, ದೂರು ಕೊಡ್ರಿ.