ಹೊರೆ ಹೊತ್ತ ಕರಡಿ: ಧರ್ಮಾಧ್ಯಕ್ಷರೊಬ್ಬರ ಲಾಂಛನ

ಯುರೋಪಿನ ಲಾಂಛನಗಳ ಮೂಲ ರಣರಂಗದಲ್ಲಿದೆ. 12ನೆಯ ಶತಮಾನದ ಯೋಧರು ಗುರಾಣಿಯ ಮೇಲೆ ಬರೆಸಿಕೊಂಡ ಗುರುತುಗಳು ಕಾಲಕ್ರಮದಲ್ಲಿ ತಂದೆಯಿಂದ ಮಗನಿಗೆ ಇಳಿದು ವಂಶದ ಸೊತ್ತಾದವು. ಕ್ಯಾಥೊಲಿಕ್ ಧರ್ಮಾಧ್ಯಕ್ಷರು ಈ ಪದ್ಧತಿಯನ್ನು ಸ್ವೀಕರಿಸಿದಾಗ ಗುರಾಣಿ ಉಳಿಯಿತು. ಯೋಧನ ಶಿರಸ್ತ್ರಾಣದ ಸ್ಥಾನಕ್ಕೆ ಅಗಲ ಅಂಚಿನ ಟೊಪ್ಪಿಗೆ ಬಂದಿತು. ಶ್ರೀಮಂತ ಮನೆತನದವರು ಕುಲಚಿಹ್ನೆಯನ್ನೇ ಇರಿಸಿಕೊಂಡದ್ದುಂಟು. ಆದರೆ ಬ್ರಹ್ಮಚರ್ಯವ್ರತಿಯ ಲಾಂಛನಕ್ಕೆ ವಾರಸುದಾರ ಮಗನಿಲ್ಲ. ಆದುದರಿಂದ ಅದು ಕ್ರಮೇಣ ಕುಲವನ್ನಲ್ಲ, ಕೈಗೊಂಡ ಕಾರ್ಯವನ್ನು ಹೇಳತೊಡಗಿತು.

ಗುರಾಣಿಯ ಹೊರಗಿನದು ಪದವಿಯ ಭಾಷೆ. ಧರ್ಮಾಧ್ಯಕ್ಷರ ಟೊಪ್ಪಿಗೆ ಹಸಿರು; ಅದರ ಎರಡೂ ಬದಿಗಳಲ್ಲಿ ಆರಾರು ಕುಚ್ಚುಗಳು. ಮಹಾಧರ್ಮಾಧ್ಯಕ್ಷರಿಗೆ ಹತ್ತು ಹತ್ತು ಕುಚ್ಚುಗಳು, ಗುರಾಣಿಯ ಹಿಂದೆ ಎರಡು ಅಡ್ಡಪಟ್ಟಿಗಳ ಶಿಲುಬೆ. ಕಾರ್ಡಿನಲ್‌ಗಳ ಟೊಪ್ಪಿಗೆ ಕೆಂಪು, ಕುಚ್ಚುಗಳು ಹದಿನೈದು ಹದಿನೈದು. ಇಷ್ಟೆಲ್ಲ ನಿಯಮಬದ್ಧ. ಗುರಾಣಿಯ ಒಳಗಿನದು ಮಾತ್ರ ಆ ವ್ಯಕ್ತಿಯ ಆಯ್ಕೆ.

ಜರ್ಮನಿಯ ಜೋಸೆಫ್ ರಾಟ್ಸಿಂಗರ್ ಅವರ ಲಾಂಛನ ಇದಕ್ಕೆ ಉತ್ತಮ ನಿದರ್ಶನ. ರೆಗೆನ್ಸ್‌ಬರ್ಗ್‌ನಲ್ಲಿ ದೇವಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಅವರನ್ನು 1977ರಲ್ಲಿ ಮ್ಯೂನಿಕ್ ಮತ್ತು ಫ್ರೈಸಿಂಗ್‌ನ ಮಹಾಧರ್ಮಾಧ್ಯಕ್ಷರನ್ನಾಗಿ ನೇಮಿಸಲಾಯಿತು. ಅವರ ಗುರಾಣಿಯಲ್ಲಿ ಮೂರು ಚಿಹ್ನೆಗಳಿದ್ದವು. ಮೊದಲನೆಯದು ಕಿರೀಟಧಾರಿಯಾದ ಕಪ್ಪು ವರ್ಣದ ತಲೆ, 14ನೆಯ ಶತಮಾನದಿಂದ ಬಂದ ಫ್ರೈಸಿಂಗ್ ಪೀಠದ ಗುರುತು. ಅದರ ಮೂಲಾರ್ಥದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ; ರಾಟ್ಸಿಂಗರ್ ಅದರಲ್ಲಿ ಜನಾಂಗಭೇದವಿಲ್ಲದ ಧರ್ಮಸಭೆಯನ್ನು ಕಂಡರು. ಎರಡನೆಯದು ಚಿಪ್ಪು. ಅದು ಯಾತ್ರಿಕರ ಗುರುತು. ಜೊತೆಗೆ, ಕಡಲನ್ನೇ ಮರಳಿನ ಗುಳಿಗೆ ಮೊಗೆದು ತುಂಬಲು ಹೊರಟ ಮಗುವನ್ನು ಸಂತ ಆಗಸ್ಟೀನ್ ಕಂಡ ಐತಿಹ್ಯದ ನೆನಪು. ದೇವರ ರಹಸ್ಯ ಬುದ್ಧಿಗೆ ನಿಲುಕದು ಎಂಬುದು ಅದರ ತಾತ್ಪರ್ಯ. ಆಗಸ್ಟೀನನನ್ನೇ ಕುರಿತು ಡಾಕ್ಟರೇಟ್ ಪ್ರಬಂಧ ಬರೆದ ವಿದ್ವಾಂಸನಿಗೆ ಈ ಎಚ್ಚರ ಸಹಜವೇ ಆಗಿತ್ತು.

ಮೂರನೆಯದು ಬೆನ್ನ ಮೇಲೆ ಗಂಟು ಹೊತ್ತ ಕರಡಿ. 8ನೆಯ ಶತಮಾನದ ಸಂತ ಕೊರ್ಬಿನಿಯನ್ ರೋಮಿಗೆ ಹೊರಟಾಗ ಕಾಡಿನ ಕರಡಿಯೊಂದು ಅವನ ಹೇರುಕುದುರೆಯನ್ನು ಕೊಂದಿತಂತೆ. ಸಂತನು ಆ ಹೇರನ್ನು ಕರಡಿಯ ಮೇಲೆಯೇ ಹೊರಿಸಿ ರೋಮಿನವರೆಗೆ ನಡೆಸಿ, ಅಲ್ಲಿ ಅದನ್ನು ಬಿಡುಗಡೆ ಮಾಡಿದನಂತೆ. ಈ ಕಥೆಯನ್ನು ರಾಟ್ಸಿಂಗರ್ ತಮ್ಮ ಆತ್ಮಕಥನದಲ್ಲಿ ಆಗಸ್ಟೀನನ ಕೀರ್ತನೆ ವ್ಯಾಖ್ಯಾನದೊಡನೆ ಸೇರಿಸಿ ಓದುತ್ತಾರೆ. ಆಗಸ್ಟೀನನೂ ಅಧ್ಯಯನದ ಬದುಕನ್ನು ಬಯಸಿ ಧರ್ಮಾಧ್ಯಕ್ಷನ ಹೊಣೆಗೆ ಸಿಲುಕಿದವನು. ತನ್ನನ್ನು ದೇವರ ಹೊಲದಲ್ಲಿ ದುಡಿಯುವ ಪಶುವೆಂದು ಭಾವಿಸಿ, ಹೊರೆಯಲ್ಲಿಯೇ ದೇವಸಾನ್ನಿಧ್ಯವನ್ನು ಕಂಡವನು. ಗ್ರಂಥಗಳ ನಡುವಿನಿಂದ ಆಡಳಿತಕ್ಕೆ ಬಂದ ಪ್ರಾಧ್ಯಾಪಕರಿಗೆ ಕರಡಿ ಸ್ವಂತ ಸ್ಥಿತಿಯ ರೂಪಕವಾಯಿತು.

1982ರಲ್ಲಿ ಅವರೂ ರೋಮಿಗೆ ಹೋದರು. ಕರಡಿಗೆ ಅಲ್ಲಿ ಬಿಡುಗಡೆ ದೊರೆತಿತ್ತು. ತಮಗೆ ಎಂದು ದೊರೆತೀತೋ ತಿಳಿಯದೆಂದು ಆತ್ಮಕಥನದ ಕೊನೆಯಲ್ಲಿ ಅವರು ಬರೆದರು. 2005ರಲ್ಲಿ ಹದಿನಾರನೆಯ ಬೆನೆಡಿಕ್ಟ್ ಎಂಬ ಹೆಸರಿನಿಂದ ಪೋಪ್ ಆದಾಗಲೂ ಮೂರು ಚಿಹ್ನೆಗಳನ್ನು ಉಳಿಸಿಕೊಂಡರು. ಆದರೆ ಗುರಾಣಿಯ ಮೇಲೆ ಸಾಂಪ್ರದಾಯಿಕವಾಗಿ ಇರುತ್ತಿದ್ದ ಮೂರು ಸುತ್ತಿನ ಪೋಪ್ ಕಿರೀಟವನ್ನು ತೆಗೆದು, ಧರ್ಮಾಧ್ಯಕ್ಷರು ಪೂಜೆಯಲ್ಲಿ ಧರಿಸುವ ಮೈಟರ್ ಎಂಬ ಶಿರೋಭೂಷಣವನ್ನು ಇರಿಸಲಾಯಿತು. ರಾಜಚಿಹ್ನೆ ಹೋಯಿತು, ಹೊರೆ ಹೊತ್ತ ಪ್ರಾಣಿ ಉಳಿಯಿತು.

2013ರ ಫೆಬ್ರವರಿಯಲ್ಲಿ ವಯಸ್ಸಿನಿಂದ ಶಕ್ತಿಗುಂದಿದೆಯೆಂದು ಅವರು ಪೀಠತ್ಯಾಗ ಮಾಡಿದರು. ವಂಶಲಾಂಛನ ಅಧಿಕಾರವನ್ನು ಮುಂದಿನ ಪೀಳಿಗೆಗೆ ಸಾಗಿಸುತ್ತದೆ. ಈ ಲಾಂಛನವಾದರೋ ಅಧಿಕಾರವನ್ನು ಹೊರೆಯೆಂದು ಬಗೆದಿತ್ತು. ಹೊರೆಯನ್ನು ಹೊರುವುದಷ್ಟೇ ಅಲ್ಲ, ಕಾಲ ಬಂದಾಗ ಇಳಿಸುವುದೂ ಉಂಟು.